ಪಾತಾಳಗರಡಿಯ ಜಾಗದಲ್ಲಿ ಬಕೆಟ್ಟು

ಹಳ್ಳಿಮೈಸೂರಿನ ಹತ್ತಿರವಿರುವ ನಮ್ಮ ಪ್ರೌಢಶಾಲೆಗೆ ಒಂದು ವಸ್ತುಸಂಗ್ರಹಾಲಯ ಬೇಕೆಂದು ಯಾರೂ ಕೇಳಿರಲಿಲ್ಲ. ಮಕ್ಕಳು ಕೇಳಿರಲಿಲ್ಲ, ಮುಖ್ಯೋಪಾಧ್ಯಾಯರು ಕೇಳಿರಲಿಲ್ಲ, ಇಲಾಖೆಯಂತೂ ಕೇಳುವ ಪೈಕಿಯೇ ಅಲ್ಲ. ಆದರೂ ಅದನ್ನು ಸ್ಥಾಪಿಸುವ ಐತಿಹಾಸಿಕ ಹೊಣೆ ಸಮಾಜ ವಿಜ್ಞಾನದ ಮೇಷ್ಟ್ರಾದ ನನ್ನ ಹೆಗಲಿಗೆ ಬಿತ್ತು. ಬಿತ್ತು ಎನ್ನುವುದು ಪೂರ್ತಿ ನಿಜವಲ್ಲ. ನಾನೇ ಎಳೆದು ಹಾಕಿಕೊಂಡೆ.

ಕಾರಣ, ನನ್ನ ಹೆಂಡತಿ ಜಯಳ ಅಣ್ಣ, ಅಂದರೆ ನನ್ನ ಭಾವ. ಅವರೂ ಮೇಷ್ಟ್ರು, ಚನ್ನರಾಯಪಟ್ಟಣದ ಕಡೆ. ಹಬ್ಬಕ್ಕೆ ಬಂದವರು ಒಬ್ಬಟ್ಟು ಮುರಿಯುತ್ತಾ ಹೇಳಿದರು:

"ನಮ್ ಮಕ್ಳಿಗೇನ್ ಕಮ್ಮಿ ಮೇಷ್ಟ್ರೇ? ಬಸ್ ಹತ್ತಿದ್ರೆ ಶ್ರವಣಬೆಳಗೊಳ, ಅಲ್ಲಿಂದ ನಡ್ಕೊಂಡೋದ್ರೆ ಜಿನನಾಥಪುರದ ಬಸದಿ. ಪಾಪ, ನಿಮ್ ಮಕ್ಳಿಗೆ ತೋರ್ಸಕ್ಕೆ ಏನೈತೆ? ಗೊರೂರು ಡ್ಯಾಮಾ?"

ಗೊರೂರಿನ ಬಗ್ಗೆ ನನಗೆ ಗೌರವವಿದೆ. ಆದರೆ ಆ 'ಪಾಪ' ತಡೆಯಲಾಗಲಿಲ್ಲ. ಮದುವೆಯಾದಾಗಿನಿಂದ ಈ ಮನುಷ್ಯ ನನ್ನನ್ನು ಪಾಪ ಎಂದೇ ನೋಡುತ್ತಾ ಬಂದಿದ್ದಾರೆ. ಒಮ್ಮೆಯಾದರೂ ಅವರ ಬಾಯಿಂದ 'ಭೇಷ್' ಅನ್ನಿಸಬೇಕೆಂಬ ಆಸೆ ನನ್ನದು.

"ನಮ್ಮ ಶಾಲೇಲಿ ಮ್ಯೂಸಿಯಂ ಇದೆ ಭಾವ. ಮುಂದಿನ ತಿಂಗಳು ನಿಮ್ಮ ಒಂಬತ್ತನೇ ಕ್ಲಾಸನ್ನ ಪ್ರವಾಸ ಕರ್ಕೊಂಡ್ ಬನ್ನಿ" ಎಂದುಬಿಟ್ಟೆ.

ಅಡುಗೆಮನೆಯಿಂದ ಜಯ ಕೇಳಿದಳು: "ಯಾವ್ ಮ್ಯೂಸಿಯಮ್ಮು?"

ನಾನು ಇನ್ನೊಂದು ಒಬ್ಬಟ್ಟು ಕೇಳಿದೆ.

ಮ್ಯೂಸಿಯಂ ಮಾಡುವುದೇನೂ ಕಷ್ಟವಲ್ಲ ಎಂಬ ಧೈರ್ಯ ನನಗಿತ್ತು. ಹಿಂದಿನ ವರ್ಷ ಮಕ್ಕಳನ್ನು ಹಾಸನಕ್ಕೆ ಕರೆದೊಯ್ದು ವಸ್ತುಸಂಗ್ರಹಾಲಯ ತೋರಿಸಿದ್ದೆ. ಶಿಲ್ಪಗಳ ಮುಂದೆ ಆಕಳಿಸಿದ ಮಕ್ಕಳು ಹಳೆಯ ಪಾತ್ರೆಗಳ ಮುಂದೆ ಮಾತ್ರ ಎಚ್ಚರಗೊಂಡು, "ಸಾ, ಇದು ನಮ್ಮನೇಲೂ ಐತೆ ಕಣ್ ಸಾ" ಎಂದಿದ್ದರು. ಮನೆಯಲ್ಲಿ ಇದೆ ತಾನೆ, ತಂದರಾಯಿತು. ಬಳಕೆಯಲ್ಲಿಲ್ಲದ ಹಳೆಯ ವಸ್ತುಗಳನ್ನು ತನ್ನಿ ಎಂದು ಅಪ್ಪಣೆ ಮಾಡಿದೆ. ಅಮ್ಮ ಆ ಕಡೆ ತಿರುಗಿದ್ದಾಗ ಕೈಗೆ ಸಿಕ್ಕಿದ್ದೆಲ್ಲ ಬಳಕೆಯಲ್ಲಿಲ್ಲದ ವಸ್ತುವೆಂದು ಮಕ್ಕಳು ಅರ್ಥ ಮಾಡಿಕೊಂಡರು. ಪ್ರವಾಸದ ಹಿಂದಿನ ದಿನ ಒಂದು ಕೊಠಡಿ ತುಂಬಿತು. ನನ್ನ ಪಾಲಿನ ಕಾಣಿಕೆಯಾಗಿ, ಜಯ ಬಚ್ಚಲಲ್ಲಿದ್ದಾಗ ನಮ್ಮ ಮನೆಯ ಈಳಿಗೆಮಣೆಯನ್ನು ತಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಇಟ್ಟೆ. ಮನೆಯಲ್ಲಿ ಚಾಕು ಇದೆಯಲ್ಲ. ಪ್ರತಿಯೊಂದರ ಮೇಲೂ ಗೋಡೆಗೆ ದಪ್ಪಕ್ಷರದ ವಿವರ ಅಂಟಿಸಿದೆ. ಎಲ್ಲ ವಿವರಗಳೂ ಒಂದೇ ಗಂಭೀರ ವಾಕ್ಯದಿಂದ ಮುಗಿಯುತ್ತಿದ್ದವು: 'ಈಗ ಬಳಕೆಯಲ್ಲಿಲ್ಲ.'

ಮರುದಿನ ಬೆಳಿಗ್ಗೆ ಬೀಗ ತೆಗೆಯುವಾಗಲೇ ತಾಯಮ್ಮ ನಿಂತಿದ್ದರು. ಅವರ ಮೊಮ್ಮಗಳು ನಮ್ಮ ವಿದ್ಯಾರ್ಥಿನಿ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಆ ಹುಡುಗಿ ತಂದದ್ದು. ಇಡೀ ಬೀದಿಗೆ ಇದ್ದದ್ದು ಅದೊಂದೇ.

"ಮೇಷ್ಟ್ರೇ, ತ್ವಾಟದ ಬಾವಿಗೆ ಕೊಡ ಬಿದ್ಬುಡ್ತು. ಗರಡಿ ಕೊಡಿ."

"ಇವತ್ತೊಂದಿನ ಇರ್ಲಿ ತಾಯಮ್ಮ, ಪ್ರವಾಸದವರು ಬರ್ತಾರೆ."

"ಅವ್ರು ಬಂದು ನಮ್ ಕೊಡ ಎತ್ತಾರಾ?"

ಗರಡಿ ತೆಗೆದು ಕೊಟ್ಟೆ. ಆದರೆ ಪಾತಾಳಗರಡಿಯನ್ನು ಸುಮ್ಮನೆ ಒಯ್ಯುವ ರೂಢಿ ನಮ್ಮ ಕಡೆ ಇಲ್ಲ. ತಿರುಗಿ ತಂದುಕೊಡುವವರೆಗೆ ಅದರ ಜಾಗದಲ್ಲಿ ಏನಾದರೊಂದು ಒತ್ತೆ ಇಡಬೇಕು. ತಾಯಮ್ಮ ಕೈಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಬಕೆಟ್ಟನ್ನು ಅಲ್ಲಿಟ್ಟರು.

"ನಿಮ್ಮದೇ ವಸ್ತು, ಒತ್ತೆ ಯಾಕೆ?" ಎಂದೆ.

"ಈಗ ಇಸ್ಕೂಲಿನ ಮನೇಲೈತಲ್ಲ. ಏನೂ ಮಡಗ್ದೆ ತಕ್ಕೊಂಡೋದ್ರೆ ಒಳ್ಳೇದಾಗಕಿಲ್ಲ" ಎಂದು ನಡೆದರು.

ಒಂದು ಬಕೆಟ್ಟಿಗೆ ನಾನು ಹೆದರುವವನಲ್ಲ. ಆದರೆ ತಾಯಮ್ಮ ಹೋಗುತ್ತಾ ದಾರಿಯುದ್ದಕ್ಕೂ ಸುದ್ದಿ ಹೇಳಿಕೊಂಡು ಹೋಗಿದ್ದರು: ಇಸ್ಕೂಲಿನಲ್ಲಿ ಒತ್ತೆ ಇಟ್ಟರೆ ಸಾಮಾನು ವಾಪಸ್ಸು ಕೊಡುತ್ತಾರೆ. ಸೇರು ಕಾಣದೆ ಮನೆಯೆಲ್ಲ ಹುಡುಕಿದ್ದ ಗೌಡರ ಸೊಸೆ ಬಂದು, ರಾಗಿ ಅಳೆಯಬೇಕೆಂದು ಸೇರು ಒಯ್ದರು, ಬಚ್ಚಲಿನ ಕೆಂಪು ಜಗ್ಗು ಇಟ್ಟರು. ನೆಂಟರು ಬಂದಿದ್ದಾರೆಂದು ಶ್ಯಾವಿಗೆ ಒರಳು ಹೊರಟಿತು, ಮಿಕ್ಸಿ ಜಾರು ಬಂದು ಕೂತಿತು. ಕಂಬಳಿಯ ಜಾಗದಲ್ಲಿ ಯಾರದೋ ಸ್ವೆಟರು. ನಾನು ಒಬ್ಬರನ್ನು ತಡೆಯುವಷ್ಟರಲ್ಲಿ ಇನ್ನಿಬ್ಬರು ಒತ್ತೆ ಇಟ್ಟಾಗಿರುತ್ತಿತ್ತು. ವಿವರಗಳನ್ನಾದರೂ ಕಿತ್ತುಹಾಕೋಣವೆಂದು ಸ್ಟೂಲು ಹತ್ತಿದೆ. ಹೊರಗೆ ಭಾವನ ಬಸ್ಸಿನ ಹಾರನ್ ಕೇಳಿತು.

ಮಕ್ಕಳನ್ನು ಸಾಲಾಗಿ ಒಳಗೆ ಬಿಟ್ಟು ಭಾವ ಕನ್ನಡಕ ಹಾಕಿಕೊಂಡರು. ಬಕೆಟ್ಟಿನ ಮುಂದೆ ನಿಂತು, ತರಗತಿಯ ದನಿಯಲ್ಲಿ ಓದಿದರು:

"ಪಾತಾಳಗರಡಿ. ಅನೇಕ ಕೊಕ್ಕೆಗಳುಳ್ಳ ಕಬ್ಬಿಣದ ಸಾಧನ. ನಮ್ಮ ಪೂರ್ವಿಕರ ಜಾಣ್ಮೆಗೆ ಸಾಕ್ಷಿ. ಈಗ ಬಳಕೆಯಲ್ಲಿಲ್ಲ."

ಮಕ್ಕಳು ಬಕೆಟ್ಟನ್ನು ನೋಡಿದರು. "ಕೊಕ್ಕೆ ಎಲ್ಲಯ್ತೆ ಸಾ?" ಎಂದು ಒಬ್ಬ ಕೇಳಿದ.

ಇಲ್ಲಿ ನಿಜ ಹೇಳಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಭಾವನ ಮುಖದ ಮೇಲೆ 'ಪಾಪ' ಮೂಡುತ್ತಿರುವುದು ಕಂಡು ನನಗೆ ರೋಷ ಬಂತು. "ಇದು ಅದರ ಆಧುನಿಕ ರೂಪ. ನಿರಂತರ ಬದಲಾವಣೆಯೇ ಇತಿಹಾಸ" ಎಂದೆ. ಒಮ್ಮೆ ಹೀಗೆ ಹೇಳಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಬಚ್ಚಲಿನ ಜಗ್ಗು ಧಾನ್ಯ ಅಳೆಯುವ ಪದ್ಧತಿಯ ವಿಕಾಸವಾಯಿತು. ಮಿಕ್ಸಿ ಜಾರಿನ ಬಗ್ಗೆ ಯಂತ್ರಯುಗದಿಂದ ಶುರುಮಾಡಿದ್ದೆ, ಅಷ್ಟರಲ್ಲಿ ಒಬ್ಬ ಹುಡುಗಿ ಮುಚ್ಚಳ ತೆಗೆದಳು.

"ಸಾ, ಇದ್ರಲ್ಲಿ ಚಟ್ನಿ ಐತೆ."

"ಯಾವ ಶತಮಾನದ್ದು ಕೇಳಮ್ಮ" ಎಂದರು ಭಾವ.

ಅದೇ ವೇಳೆಗೆ ಜಯ ಬಂದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅಣ್ಣನಿಗೂ ಮಕ್ಕಳಿಗೂ ಅಂದು ನಮ್ಮಲ್ಲೇ ಊಟ.

"ರೀ, ಈಳಿಗೆಮಣೆ ಎಲ್ಲಿ? ಇಷ್ಟೊಂದು ಬದನೆಕಾಯಿ ಚಾಕುನಲ್ಲಿ ಹೆಚ್ಚಕ್ಕಾಯ್ತದಾ? ಕೈ ಕೊಯ್ಕೊಂಡೆ ನೋಡಿ" ಎಂದವಳು, ಬೆಂಚಿನ ಮೇಲೆ ಅದನ್ನು ಕಂಡು ಎತ್ತಿಕೊಂಡಳು. ಗೋಡೆಯ ಮೇಲಿನ ವಿವರವನ್ನು ಒಮ್ಮೆ ಓದಿದಳು. ಮಣೆ ಹಿಡಿದು ಬಾಗಿಲ ಕಡೆ ತಿರುಗಿದಳು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಕೊಡ ಎತ್ತಿ ಆಗಲೇ ಬಾಗಿಲಿಗೆ ಬಂದಿದ್ದ ತಾಯಮ್ಮ ನೆನಪಿಸಿದರು: "ಏನಾರ ಮಡಗ್ಬುಟ್ಟು ಓಗವ್ವ ಜಯಾ."

ಜಯ ಬರಿಗೈಯಲ್ಲಿ ಬಂದಿದ್ದಳು. ಸುತ್ತ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಇವರನ್ನೇ ಇಟ್ಕೊಳಿ. ಮನೇಲಿ ಸದ್ಯಕ್ಕೆ ಬೇಕಾಗಿಲ್ಲ. ಆಮೇಲೆ ಬಿಡಿಸ್ಕೊಂಡೋಗ್ತೀನಿ."

ಮಕ್ಕಳು ಚಪ್ಪಾಳೆ ಹೊಡೆದರು. ಈಳಿಗೆಮಣೆ ಹೋಗಿ ಖಾಲಿಯಾದ ಬೆಂಚಿನ ಮೇಲೆ ನಾನು ಕುಳಿತೆ. ತಲೆಯ ಮೇಲೆ ನಾನೇ ಬರೆದ ವಿವರ ಹಾಗೇ ಇತ್ತು. ಭಾವ ಕನ್ನಡಕ ಸರಿಮಾಡಿಕೊಂಡು ಸಾವಕಾಶವಾಗಿ ಓದಿದರು:

"ಹಿಂದೆ ಪ್ರತಿ ಮನೆಯಲ್ಲೂ ಒಂದು ಇರುತ್ತಿತ್ತು. ಕೆಲಸವಿಲ್ಲದಾಗ ಮೂಲೆಯಲ್ಲಿರುತ್ತಿತ್ತು. ಮೊಂಡಾದರೆ ಕಲ್ಲಿಗೆ ಉಜ್ಜುತ್ತಿದ್ದರು. ಈಗ ಬಳಕೆಯಲ್ಲಿಲ್ಲ." ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಭೇಷ್ ಮೇಷ್ಟ್ರೇ. ಇದೊಂದು ಸರಿಯಾಗಿ ಹೊಂದ್ತು."

ಎಲ್ಲರೂ ಊಟಕ್ಕೆ ಹೋದರು. ಬದನೆಕಾಯಿ ಪಲ್ಯ ಬಹಳ ಚೆನ್ನಾಗಿತ್ತೆಂದು ಆಮೇಲೆ ಕೇಳಿ ತಿಳಿದೆ. ಸಾಮಾನುಗಳನ್ನು ಬಿಟ್ಟು ಹೋಗುವಂತಿರಲಿಲ್ಲ, ನಾನು ಅಲ್ಲೇ ಕುಳಿತಿದ್ದೆ. ಸಂಜೆಯೊಳಗೆ ಬಕೆಟ್ಟು, ಜಗ್ಗು, ಸ್ವೆಟರು, ಚಟ್ನಿಯ ಸಮೇತ ಮಿಕ್ಸಿ ಜಾರು, ಎಲ್ಲವನ್ನೂ ಅವರವರು ಬಂದು ಬಿಡಿಸಿಕೊಂಡು ಹೋದರು. ನನ್ನನ್ನು ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ನಾನೇ ಬೀಗ ಹಾಕಿಕೊಂಡು ಮನೆಗೆ ಹೋದೆ.