ಒಡಕು ದನಿಗೆ ಏಳು ಮೋಟಾರು

ಅರ್ಜಿ ಬರೆಯುವುದರಲ್ಲಿ ಮಧುಗಿರಿಯಲ್ಲಿ ನನಗೆ ಸ್ವಲ್ಪ ಹೆಸರಿದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ, ಚರಂಡಿ ಕಟ್ಟಿಕೊಂಡರೆ, ಅಂಚೆಯವನು ನಮ್ಮ ಬೀದಿಗೆ ಎಲ್ಲರಿಗಿಂತ ಕೊನೆಗೆ ಬಂದರೆ ಜನ ನೆಟ್ಟಗೆ ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಮಿಡ್ಲ್ ಸ್ಕೂಲ್ ಮೇಷ್ಟ್ರು, ಅಕ್ಷರ ದುಂಡಗಿದೆ, ‘ತಮ್ಮ ವಿಧೇಯ’ ಎಂದು ಬರೆಯುವಾಗ ಕೈ ನಡುಗುವುದಿಲ್ಲ. ನನ್ನ ಯೋಗ್ಯತೆ ಇಷ್ಟೇ. ಆದರೆ ಒಂದು ಅರ್ಜಿಯನ್ನು ಮಾತ್ರ ಕಳೆದ ಬೇಸಿಗೆಯಿಂದ ಮುಂದೂಡುತ್ತಲೇ ಬಂದಿದ್ದೆ. ನಮ್ಮ ಲೈನಿಗೆ ಎರಡು ಹಿಟ್ಟಿನ ಗಿರಣಿಯೂ ಊರಾಚೆಯ ತೋಟಗಳ ಪಂಪ್‌ಸೆಟ್ಟುಗಳೂ ಸೇರಿಕೊಂಡ ಮೇಲೆ ಸಂಜೆಯಾದರೆ ಸಾಕು, ಬೀದಿಯ ಬಲ್ಬುಗಳಿಗೆಲ್ಲ ಕಾಮಾಲೆ ಬರುತ್ತದೆ. ಎದುರು ಮನೆಯ ರಂಗಣ್ಣನವರು, “ಬಲ್ಬು ಉರೀತಿದೆಯೋ ಇಲ್ಲವೋ ಅಂತ ನೋಡೋಕೆ ಲಾಂದ್ರ ಹಚ್ಚಬೇಕಾಗಿದೆ ಮೇಷ್ಟ್ರೇ, ಇಲಾಖೆಗೆ ಒಂದು ಅರ್ಜಿ ಬಿಸಾಕಿ” ಎಂದು ನಾಲ್ಕು ಸಲ ಹೇಳಿದರು. ನಾಲ್ಕು ಸಲವೂ ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಊರೆಲ್ಲ ಶಾಪ ಹಾಕುವ ಈ ಮಂಕು ಕರೆಂಟಿಗೆ ನಾನು ಕೃತಜ್ಞ. ಅದು ಯಾಕೆಂದು ಇವತ್ತು ಹೇಳಿಬಿಡುತ್ತೇನೆ.

ನನಗೆ ಹವಾಯನ್ ಗಿಟಾರಿನ ಹುಚ್ಚಿದೆ. ತುಮಕೂರಿನಲ್ಲಿ ಮೇಷ್ಟ್ರ ತರಬೇತಿಗೆ ಹೋದಾಗ ಹತ್ತಿದ ಹುಚ್ಚು ಅದು. ಪಾಠ ಹೇಳುವುದನ್ನು ಎಷ್ಟು ಕಲಿತೆನೋ ಗೊತ್ತಿಲ್ಲ, ತೊಡೆಯ ಮೇಲೆ ಗಿಟಾರು ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವುದನ್ನು ಮಾತ್ರ ಕಲಿತು ಬಂದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸಾವಿತ್ರಿ ಇದನ್ನು ಮೂರು ದಿನ ತಾಳ್ಮೆಯಿಂದ ಕೇಳಿದಳು. ನಾಲ್ಕನೆಯ ದಿನ, “ಇದಕ್ಕೆ ಹೊಟ್ಟೆನೋವೇ?” ಎಂದು ಕೇಳಿದಳು. ಅವಳಿಗೆ ಹಾಗೆ ಕೇಳುವ ಅಧಿಕಾರವೂ ಇತ್ತು. ಅವಳ ಅಪ್ಪ ಹೊಳವನಹಳ್ಳಿಯ ಹನುಮಂತಪ್ಪನವರು ಮುಖವೀಣೆಯವರು; ಆ ಹೋಬಳಿಯಲ್ಲಿ ಮೂವತ್ತು ವರ್ಷ ಅವರು ಊದದೆ ಯಾರ ಮದುವೆಯೂ ಆದದ್ದಿಲ್ಲ. ಅವರ ವಾದ್ಯದ ದನಿ ನಯವಾದದ್ದಲ್ಲ. ತುದಿಯಲ್ಲಿ ಸ್ವಲ್ಪ ಹರಿದು, ಗೀರಿಕೊಂಡು, ನೆಟ್ಟಗೆ ಎದೆಗೆ ಬಂದು ತಾಗುತ್ತಿತ್ತು. ನಮ್ಮ ಮದುವೆಯಲ್ಲಿ ಮಗಳಿಗೆ ಧಾರೆ ಎರೆದ ಕೈ ಒಣಗುವ ಮೊದಲೇ ಮುಖವೀಣೆ ಎತ್ತಿಕೊಂಡು ಅವರು ಊದಿದ್ದು, ಪಕ್ಕದಲ್ಲಿ ಸಾವಿತ್ರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಮಾವನವರಿಗೆ ಉಬ್ಬಸ ಬಂತು. ಇನ್ನು ಊದಿದರೆ ಜೀವಕ್ಕೆ ಅಪಾಯ ಎಂದು ಕೊರಟಗೆರೆಯ ಡಾಕ್ಟರು ಹೇಳಿದರು. ಮುಖವೀಣೆ ಗೂಟಕ್ಕೇರಿತು. ಇದಾಗಿ ವರ್ಷ ತುಂಬುವುದರಲ್ಲಿ ಸಾವಿತ್ರಿಯ ತಂಗಿ ಪುಟ್ಟಮ್ಮನ ಮದುವೆ ಗೊತ್ತಾಯಿತು. ಕೊಳಾಲದಿಂದ ಬೇರೆ ವಾದ್ಯದವರನ್ನು ಕರೆಸೋಣ ಎಂದರೆ ಮಾವನವರು ಒಪ್ಪಲಿಲ್ಲ. “ನನ್ನ ಮನೆ ಚಪ್ಪರದಾಗೆ ಬ್ಯಾರೆಯೋರು ಊದೋದು ಬ್ಯಾಡ. ಅಳಿಯಂದಿರೇ, ನಿಮ್ಮ ಅಡ್ಡ ಮಲಗ್ಸೋ ವಾದ್ಯ ಐತಲ್ಲ, ಅದನ್ನೇ ನನ್ನ ದನಿ ಥರ ಒಡೆದು ನುಡ್ಸಿ. ಕೂಸು ಹೋಗೋ ಹೊತ್ತಲ್ಲಿ ಅಪ್ಪನ ದನಿ ಒಂದು ಕಿವಿಗೆ ಬೀಳ್ಲಿ” ಎಂದರು. ಅಲ್ಲಿಯವರೆಗೆ ನನ್ನ ಗಿಟಾರನ್ನು ಯಾರೂ ಬೇಕು ಎಂದವರಿಲ್ಲ. ಉಬ್ಬಿಹೋಗಿ, ಆಗಲಿ ಎಂದುಬಿಟ್ಟೆ. ಹೇಗೆ ಎಂದು ಯೋಚನೆ ಮಾಡಿದ್ದು ವಾಪಸು ಬರುವ ಬಸ್ಸಿನಲ್ಲಿ.

ಒಡಕು ದನಿ ಬೇಕೆಂದು ಹೊರಟವನ ಪಾಡು ಯಾರಿಗೂ ಬೇಡ. ಗಿಟಾರಿಗೊಂದು ಆಂಪ್ಲಿಫೈಯರು ಬೇಕೇ ಬೇಕಿತ್ತು, ಆದರೆ ಅಂಗಡಿಯವರೆಲ್ಲ ಮಾರುವುದು ಶುದ್ಧ ದನಿಯನ್ನು. ಬೆಂಗಳೂರಿನ ಅಂಗಡಿಯೊಂದರಲ್ಲಿ ಕೇಳಿದಾಗ, ಹೊರದೇಶದಲ್ಲಿ ಈಗ ಕಾಲಿನಿಂದ ಒತ್ತಿದರೆ ದನಿ ಒಡೆಯುವ ಪೆಟ್ಟಿಗೆ ಬಂದಿದೆಯಂತೆ, ಬೇಕಾದರೆ ತರಿಸಿಕೊಡುತ್ತೇವೆ ಎಂದರು. ಅದನ್ನು ಮಾವನವರಿಗೆ ಹೇಳಿದ್ದೇ ತಪ್ಪಾಯಿತು. “ವಾದ್ಯಕ್ಕೆ ಕಾಲು ತಗುಲಿಸ್ತಾರಾ? ತುಳಿದು ಒಡೆಯೋದಾದ್ರೆ ಮಡಕೆ ಒಡೀರಿ. ದನಿ ತಾನಾಗೇ ಒಡೀಬೇಕು” ಎಂದು ನಾನು ಅವರ ಮನೆಯಲ್ಲಿದ್ದ ಎರಡು ದಿನವೂ ಮಾತು ಬಿಟ್ಟರು. ಪಾವಗಡದಲ್ಲಿ ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವನೊಬ್ಬ ನನ್ನ ಬೇಡಿಕೆ ಕೇಳಿ, “ಒಡಕಾ? ಎಂದುಕು ಸಾರ್, ಯಾಕೆ? ನಮ್ದು ಗಂಟೆ ಹೊಡ್ದಂಗೆ ಕೇಳ್ತದೆ, ಬೆಟ್ಟದ ಮೇಲಿರೋ ಮೇಕೆ ಕೂಡ ತಿರುಗಿ ನೋಡ್ತದೆ” ಎಂದ. ಮೇಕೆಯ ಅಭಿಪ್ರಾಯ ನನಗೆ ಬೇಕಿರಲಿಲ್ಲ. ವಾಪಸು ಬಂದೆ.

ಕೊನೆಗೆ ಒಂದು ಸಂಜೆ ಸಿಕ್ಕಿದವರು ಸಿರಾದ ಗಫೂರ್ ಸಾಬರು. ಊರಂಚಿನಲ್ಲಿ ಒಂದು ಚಿಕ್ಕ ರೇಡಿಯೋ ರಿಪೇರಿ ಅಂಗಡಿ. ಎದುರಿಗೆ ರಸ್ತೆ, ಹಿಂದೆ ತೋಟಗಳು. ನಾನು ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. “ಹದಿನೈದು ವರ್ಷದಿಂದ ಜನ ಖರಖರ ತೆಗೀರಿ ಅಂತ ಬರ್ತಾರೆ ಮೇಷ್ಟ್ರೇ. ಖರಖರ ಹಾಕಿಕೊಡಿ ಅಂತ ಬಂದೋರು ನೀವೊಬ್ರೇ. ನಾನು ಹಾಕಿಕೊಟ್ರೆ ನನ್ನ ಅಂಗಡಿ ಹೆಸರು ಖರಾಬ್ ಆಗ್ತದೆ” ಎಂದರು. ಆಗ ನಾನು ಮಾವನವರ ಉಬ್ಬಸದ ಕಥೆ ಹೇಳಿದೆ. ಅವರು ಎದ್ದು ಹೋಗಿ ಒಳಗಿನಿಂದ ಧೂಳು ಹಿಡಿದ ಒಂದು ಕಬ್ಬಿಣದ ಪೆಟ್ಟಿಗೆ ತಂದರು. ಯಾವುದೋ ಟೂರಿಂಗ್ ಟಾಕೀಸಿನವರು ಬಿಟ್ಟುಹೋದ ವಾಲ್ವಿನ ಆಂಪ್ಲಿಫೈಯರು. ಸ್ವಿಚ್ಚು ಹಾಕಿ, ಒಳಗಿನ ಗಾಜಿನ ವಾಲ್ವುಗಳು ಕೆಂಪಗಾಗುವವರೆಗೆ ಕಾದು, ಗುಂಡಿಯನ್ನು ಪೂರ್ತಿ ತಿರುಗಿಸಿ, ಜೊತೆಗೆ ಒಯ್ದಿದ್ದ ಗಿಟಾರಿನ ಒಂದು ತಂತಿ ಮೀಟಿದೆ. ದನಿ ತುದಿಯಲ್ಲಿ ಹರಿದು, ಗೀರಿಕೊಂಡು, ಎದೆಗೆ ಬಂತು. ಅದು ಹನುಮಂತಪ್ಪನವರ ಮುಖವೀಣೆಯೇ. ಬೆಲೆಗೆ ಬದಲಾಗಿ ನನ್ನ ಸೈಕಲ್ಲನ್ನು ಅಲ್ಲೇ ಅವರಿಗೆ ಒಪ್ಪಿಸಿ ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತಿದೆ. ಅಂದಿನಿಂದ ಸ್ಕೂಲಿಗೆ ನಡೆದೇ ಹೋಗುತ್ತಿದ್ದೇನೆ, ಆರೋಗ್ಯ ಚೆನ್ನಾಗಿದೆ.

ಮಾರನೆಯ ದಿನ ಭಾನುವಾರ. ಸಾವಿತ್ರಿಯನ್ನು ಎದುರಿಗೆ ಕೂರಿಸಿ, “ಕೇಳು, ನಿಮ್ಮಪ್ಪ ಬರ್ತಾರೆ” ಎಂದು ತಂತಿ ಮೀಟಿದೆ. ಬಂದದ್ದು ಒಗೆದು ಇಸ್ತ್ರಿ ಮಾಡಿದಂಥ ದನಿ. ಒಂದು ಬಿರುಕಿಲ್ಲ, ಒಂದು ಗೀರಿಲ್ಲ. ಗುಂಡಿ ತಿರುಗಿಸಿದೆ, ಪೆಟ್ಟಿಗೆ ತಟ್ಟಿದೆ, ಕೊನೆಗೆ ಬೇಡಿಕೊಂಡೆ. ಅದು ಇನ್ನಷ್ಟು ಶುದ್ಧವಾಗಿ ಹಾಡಿತು. ಆಗ ನಾವಿದ್ದ ಬೀದಿಯಲ್ಲಿ ಟ್ರಾನ್ಸ್‌ಫಾರ್ಮರು ಮನೆಯ ಪಕ್ಕದಲ್ಲೇ ಇತ್ತು, ಹೊತ್ತು ಯಾವುದಾದರೂ ಕರೆಂಟು ಧಾರಾಳ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಸಾವಿತ್ರಿ ಎದ್ದು ಹೋಗಿ ಅಕ್ಕಿ ಆರಿಸಲು ಕೂತಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮದುವೆಗೆ ಉಳಿದದ್ದು ಎರಡೇ ವಾರ.

ಗಫೂರ್ ಸಾಬರು ನನಗೆ ಮೋಸ ಮಾಡಿದರು ಎಂದು ನಾನು ಸ್ಟಾಫ್ ರೂಮಿನಲ್ಲಿ ಇಡೀ ದಿನ ಹೇಳಿಕೊಂಡು ತಿರುಗಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಸ್ಕೂಲು ಬಿಟ್ಟೊಡನೆ ಗಿಟಾರು, ಪೆಟ್ಟಿಗೆ ಎರಡನ್ನೂ ಹೊತ್ತು ಸಿರಾಕ್ಕೆ ಹೋಗಿ ಪೆಟ್ಟಿಗೆಯನ್ನು ಅವರ ಮೇಜಿನ ಮೇಲೆ ಕುಕ್ಕಿದೆ. ಅವರು ಸ್ವಿಚ್ಚು ಹಾಕಿದರು. ನಾನು ಮೀಟಿದೆ. ಮತ್ತೆ ಅದೇ ಒಡಕು, ಅದೇ ಮಾವನವರು. ಸಾಬರು ಮೇಲಿನ ಬಲ್ಬು ನೋಡಿದರು. ಅದು ಮಂಕಾಗಿ ತೂಕಡಿಸುತ್ತಿತ್ತು. ಅಂಗಡಿಯ ಹಿಂಬಾಗಿಲು ತೆಗೆದು ಕಿವಿಗೊಟ್ಟು ನಕ್ಕರು. “ತೋಟದಲ್ಲಿ ಮೋಟಾರು ಹಾಕವ್ರೆ ಮೇಷ್ಟ್ರೇ. ಸಂಜೆ ಎಲ್ಲಾ ಒಟ್ಟಿಗೆ ಹಾಕ್ತಾರೆ, ಕರೆಂಟು ಸಾಲಲ್ಲ. ವಾಲ್ವಿಗೆ ಹೊಟ್ಟೆ ತುಂಬಿದ್ರೆ ಸಾಫ್ ಹಾಡ್ತದೆ. ಅರ್ಧ ಹೊಟ್ಟೆ ಆದ್ರೆ ಗಂಟಲು ಒಡೀತದೆ. ನಿಮ್ಮ ಮನೇಲಿ ಅದಕ್ಕೆ ಊಟ ಜಾಸ್ತಿ ಆಗೋಗಿದೆ” ಎಂದರು. ನಾನು ಕ್ಷಮೆ ಕೇಳಿದೆ. ಅವರು ಚಹಾ ತರಿಸಿದರು.

ಪುಟ್ಟಮ್ಮನ ಮುಹೂರ್ತ ಇದ್ದದ್ದು ಬೆಳಗ್ಗೆ ಹತ್ತು ಗಂಟೆಗೆ. ಮೂರು ದಿನ ಮೊದಲೇ ಹೊಳವನಹಳ್ಳಿಗೆ ಹೋಗಿ ಪರೀಕ್ಷೆ ಮಾಡಿದೆ. ಸಂಜೆ ಮೋಟಾರುಗಳು ಓಡುವಾಗ ದನಿ ಸೊಗಸಾಗಿ ಒಡೆಯಿತು. ಬೆಳಗ್ಗೆ ಹತ್ತಕ್ಕೆ ತೋಟದಲ್ಲಿ ಯಾರೂ ಮೋಟಾರು ಹಾಕುವುದಿಲ್ಲ. ಪೆಟ್ಟಿಗೆ ಇಸ್ತ್ರಿ ಬಟ್ಟೆಯಂತೆ ಹಾಡಿತು. ಮಾವನವರು ಜಗಲಿಯ ಕಂಬಕ್ಕೆ ಒರಗಿ ಎರಡನ್ನೂ ಕೇಳಿದರು. ನಾನು ಅವರ ಮುಂದೆ ಕೂತು, “ನನ್ನಿಂದ ಆಗಲಿಲ್ಲ, ಕ್ಷಮಿಸಿ. ಇದು ಒಡೆಯೋದು ತೋಟದ ಮೋಟಾರು ಓಡುವಾಗ ಮಾತ್ರ” ಎಂದೆ.

“ಅಷ್ಟೇಯಾ?” ಎಂದರು ಮಾವನವರು. ಎದ್ದು ರುಮಾಲು ಸುತ್ತಿಕೊಂಡು, ಒಂದು ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಹೊರಟರು. ಉಬ್ಬಸದಿಂದ ಹತ್ತು ಹೆಜ್ಜೆಗೊಮ್ಮೆ ನಿಂತು ನಿಂತು ಏಳು ತೋಟ ತಿರುಗಿದರು. ಪ್ರತಿಯೊಬ್ಬರಿಗೂ ವೀಳ್ಯ ಕೊಟ್ಟು ಹೇಳಿದ್ದು ಒಂದೇ ಮಾತು: “ನಾಡಿದ್ದು ಮದುವೆಗೆ ಬರೋ ಮುಂಚೆ ಮೋಟಾರು ಹಾಕ್ಬುಟ್ಟು ಬರ್ಬೇಕು ಕಣಪ್ಪ. ನಿನ್ನ ಮುಯ್ಯಿ ಅದೇ, ಬ್ಯಾರೆ ಏನೂ ತರ್ಬೇಡ.” ನಮ್ಮ ಕಡೆ ಮದುವೆಗೆ ಬಂದವರು ಮುಯ್ಯಿ ಮಾಡುವುದುಂಟು, ಪಾತ್ರೆ, ಪಂಚೆ, ರವಿಕೆ ಕಣ ಹೀಗೆ. ಮೋಟಾರನ್ನು ಮುಯ್ಯಿಯಾಗಿ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಕೊನೆಯ ತೋಟದ ನಂಜಪ್ಪ ಮಾತ್ರ, “ನನ್ನ ಮದ್ವೇಲಿ ನೀನು ಜ್ವರ ಬಂದಿದ್ರೂ ಊದ್ದೆ ಹನುಮಂತಣ್ಣ. ಮೋಟಾರು ಯಾವ ಲೆಕ್ಕ, ಬಾವಿನೇ ಬತ್ತೋಗ್ಲಿ ಬುಡು” ಎಂದ. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಮದುವೆಯ ದಿನ ಗಫೂರ್ ಸಾಬರೂ ಬಂದಿದ್ದರು. ಟವೆಲಿನಲ್ಲಿ ಎರಡು ವಾಲ್ವು ಸುತ್ತಿಕೊಂಡು ಸಿರಾದಿಂದ ಮೊದಲ ಬಸ್ಸಿಗೆ ಬಂದು, ಪೆಟ್ಟಿಗೆಯ ಪಕ್ಕದಲ್ಲಿ ಡಾಕ್ಟರಂತೆ ಕೂತರು. ಚಪ್ಪರದ ಬಲ್ಬು ಹಗಲಲ್ಲೂ ಉರಿಯುತ್ತಿತ್ತು. ನಾನು ಪುರೋಹಿತರನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆ. ಗಟ್ಟಿಮೇಳಕ್ಕೆ ಮೊದಲು ನುಡಿಸಲು ಶುರು ಮಾಡಿದಾಗ ದನಿ ಶುದ್ಧವಾಗಿತ್ತು. ಅಷ್ಟರಲ್ಲಿ ಬಲ್ಬು ಒಮ್ಮೆ ಕುಗ್ಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಸಾಬರು ಬೆರಳು ಮಡಚುತ್ತಾ, “ಮೂರು ಬಂತು... ಐದು... ಇನ್ನೆರಡು ಬರಬೇಕು” ಎಂದು ಪಿಸುಗುಟ್ಟಿದರು. ಬಲ್ಬಿನ ತಂತಿ ಕೆಂಪು ದಾರದಷ್ಟಾಗುವ ಹೊತ್ತಿಗೆ ದನಿ ಒಡೆಯಿತು.

ಮಾವನವರ ಕೈಯಲ್ಲಿ ಧಾರೆಯ ಚೊಂಬಿತ್ತು. ಅವರು ಎರೆಯುವುದನ್ನು ಮರೆತು ನಿಂತುಬಿಟ್ಟರು. ಪುರೋಹಿತರು ಎರಡು ಸಲ, “ಎರೀರಿ, ಎರೀರಿ” ಎನ್ನಬೇಕಾಯಿತು. ಪುಟ್ಟಮ್ಮ ತಲೆ ಎತ್ತಿ ಜಗಲಿಯ ಗೂಟದ ಕಡೆ ನೋಡಿದಳು, ಮುಖವೀಣೆ ಅಲ್ಲೇ ತೂಗುತ್ತಿತ್ತು. ಸಾವಿತ್ರಿ, ನಮ್ಮ ಮದುವೆಯಲ್ಲಿ ಮಾಡಿದಂತೆಯೇ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಕಣ್ಣು ಮಂಜಾಗಿ ಎರಡು ಕಡೆ ಸ್ವರ ತಪ್ಪಿತು, ಯಾರಿಗೂ ತಿಳಿಯಲಿಲ್ಲ. ತಿಳಿದವರು ಒಬ್ಬರೇ. ಊಟವಾದ ಮೇಲೆ ಮಾವನವರು ಪಕ್ಕದಲ್ಲಿ ಬಂದು ಕೂತು ನನ್ನ ಕೈ ಹಿಡಿದುಕೊಂಡರು. “ದನಿ ನಂದೇಯಾ. ಎರಡು ಕಡೆ ಸ್ವರ ಜಾರ್ತು, ಇರ್ಲಿ. ಆದ್ರೆ ಎಲ್ಲೂ ಉಸ್ರು ತಗೊಳ್ಳಲಿಲ್ಲ ನೀವು. ಊದೋನು ಉಸ್ರು ತಗೊಂಡೇ ತಗೋತಾನೆ, ಅಲ್ಲಿ ಒಸಿ ಬುಡ್ಬೇಕು” ಎಂದರು. ಆ ಹೊತ್ತಿಗೆ ನಂಜಪ್ಪನ ತೋಟ ಕೆರೆಯಾಗಿತ್ತು. ಮೂರನೆಯ ಹೋಳಿಗೆ ಬಡಿಸುವಾಗ ಯಾರೋ ಬಂದು ಹೇಳಿದರೂ ಅವನು, “ತುಪ್ಪ ಹಾಕಿ” ಎಂದನಂತೆ.

ಮಾವನವರು ತೀರಿಕೊಂಡು ಮೂರು ವರ್ಷವಾಯಿತು. ಗಫೂರ್ ಸಾಬರು, ಆ ಏಳು ತೋಟದವರು, ಯಾವ ಟಾಕೀಸಿನವರೋ ಏನೋ ಪೆಟ್ಟಿಗೆ ಬಿಟ್ಟುಹೋದ ಪುಣ್ಯಾತ್ಮರು, ಇವರೆಲ್ಲ ನೆನಪಾದಾಗ ನಾನು ಕೂತಲ್ಲೇ ಕೈ ಮುಗಿಯುತ್ತೇನೆ. ಈ ಬೀದಿಗೆ ಮನೆ ಬದಲಾಯಿಸಿದ ಮೇಲೆ, ಅದರಲ್ಲೂ ಗಿರಣಿಗಳು ಬಂದ ಮೇಲೆ, ಸಂಜೆ ಹೊತ್ತು ಪೆಟ್ಟಿಗೆ ತಾನಾಗೇ ಒಡೆಯುತ್ತದೆ. ನಾನು ನುಡಿಸುತ್ತೇನೆ. ಹೊಟ್ಟೆನೋವೇ ಎಂದು ಕೇಳಿದ್ದವಳು ಅಡುಗೆಮನೆಯಿಂದ, “ಅಲ್ಲಿ ಉಸಿರು ತಗೊಳ್ಳಿ” ಎನ್ನುತ್ತಾಳೆ.

ಆದರೂ ಮೇಷ್ಟ್ರಾದವನಿಗೆ ಮನಸ್ಸಾಕ್ಷಿ ಅಂತ ಒಂದಿರುತ್ತದೆ. ರಂಗಣ್ಣನವರ ಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ಪಾಠ ಓದುವುದನ್ನು ನೋಡಲಾರದೆ ಹೋದ ತಿಂಗಳು ಕೂತು ಅರ್ಜಿ ಬರೆದೇಬಿಟ್ಟೆ. ಚೆನ್ನಾಗಿ ಬರೆದಿದ್ದೆ, ಓದಿದ ಎಂಜಿನಿಯರು ಆ ದಿನವೇ ಹೊಸ ಟ್ರಾನ್ಸ್‌ಫಾರ್ಮರು ಹೊತ್ತು ತರುವಂತಿತ್ತು. ಬೀದಿಯವರ ಸಹಿ ಹಾಕಿಸಲು ರಂಗಣ್ಣನವರಿಗೆ ಕೊಡು ಎಂದು ಸಾವಿತ್ರಿಯ ಕೈಗೆ ಕೊಟ್ಟೆ. ನಿನ್ನೆ ಸಂಜೆ ಪೆಟ್ಟಿಗೆಯ ಹಿಂದೆ ಧೂಳು ಒರೆಸಲು ಕೈ ಹಾಕಿದರೆ, ನಾಲ್ಕಾಗಿ ಮಡಚಿ, ಗೋಡೆಗೂ ಪೆಟ್ಟಿಗೆಗೂ ನಡುವೆ ಒತ್ತಿಟ್ಟ ಅರ್ಜಿ ಸಿಕ್ಕಿತು. ಬಿಡಿಸಿ ನೋಡಿದೆ, ಒಂದು ಸಹಿಯೂ ಇರಲಿಲ್ಲ. ಆಮೇಲೆ ಇದ್ದಲ್ಲಿಯೇ ಇಟ್ಟು, ಸ್ವಿಚ್ಚು ಹಾಕಿದೆ.

ಅಷ್ಟರಲ್ಲಿ ರಂಗಣ್ಣನವರು ಕಿಟಕಿಯಲ್ಲಿ ಇಣುಕಿ, “ಅರ್ಜಿ ಏನಾಯ್ತು ಮೇಷ್ಟ್ರೇ?” ಎಂದರು. ನನ್ನದೇ ಸೋಮಾರಿತನ, ಬರುವ ವಾರ ಖಂಡಿತ ಬರೆದುಕೊಡುತ್ತೇನೆ ಎಂದೆ. ಒಳಗಿನಿಂದ ಸಾವಿತ್ರಿಯ ದನಿ ಕೇಳಿಸಿತು: “ಇವರು ಯಾವ ಕೆಲಸ ತಾನೇ ಹೊತ್ತಿಗೆ ಸರಿಯಾಗಿ ಮಾಡಿದ್ದಾರೆ, ನೀವೇ ಹೇಳಿ ರಂಗಣ್ಣನೋರೇ.”