ಹೃತ್ಪೂರ್ವಕ ಕೃತಜ್ಞತೆಗಳು ಮತ್ತು ಒಂದು ಖಾಲಿ ಬಸ್ಸು

ಕೆಲವರಿಗೆ ಕಾಲು ಸುಮ್ಮನಿರುವುದಿಲ್ಲ, ಕೆಲವರಿಗೆ ಬಾಯಿ. ನನಗೆ ಹೆಬ್ಬೆರಳು. ಒಂದು ಮೆಸೇಜು ಕಳಿಸಿದೆನೆಂದರೆ ಮುಗಿಯಿತು. ಯಾರು ನೋಡಿದರು, ಯಾರು ನೋಡಿಯೂ ಸುಮ್ಮನಾದರು ಎಂದು ಫೋನನ್ನು ತೆಗೆದು ತೆಗೆದು ನೋಡುತ್ತಲೇ ಇರಬೇಕು. ಊಟಕ್ಕೆ ಕೂತಾಗಲೂ ಅದು ತಟ್ಟೆಯ ಪಕ್ಕದಲ್ಲೇ ಇರುತ್ತದೆ. "ಅದಕ್ಕೂ ಎರಡು ತುತ್ತು ಕಲಸಿ ತಿನ್ನಿಸು" ಎನ್ನುತ್ತಾರೆ ನಮ್ಮ ಮನೆಯವರು. ಇಂಥವಳ ಕೈಗೆ ನಮ್ಮ ಕಂಪನಿ ಮೆಸೇಜು ಕಳಿಸುವ ಅಧಿಕಾರ ಕೊಟ್ಟಿತೆಂದರೆ ಆ ಧೈರ್ಯವನ್ನು ಮೆಚ್ಚಲೇಬೇಕು.

ನಾನು ನೆಲಮಂಗಲದಾಚೆ, ಹೆದ್ದಾರಿ ಪಕ್ಕದ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್. ನನ್ನ ಕೈಕೆಳಗೆ ನಲವತ್ತು ಹೆಂಗಸರು. ಎಲ್ಲರೂ ತ್ಯಾಮಗೊಂಡ್ಲು ಕಡೆಯವರು, ಕಂಪನಿ ಬಸ್ಸಿನಲ್ಲೇ ಬಂದು ಹೋಗುವವರು. 'ಕೈಕೆಳಗೆ' ಅನ್ನುವುದು ಕಾಗದದ ಮೇಲಿನ ಮಾತು. ನಿಜದಲ್ಲಿ "ಟೇಪ್ ಮುಗೀತು ಮೇಡಂ", "ಲಾರಿ ಬಂತು ಮೇಡಂ" ಎಂದು ಅವರು ಕೂಗಿದ ಕಡೆಗೆಲ್ಲ ಓಡುವವಳು ನಾನು. ಹೀಗಿರುವಾಗ ಹೆಡ್ಡಾಫೀಸಿನ ಸಾಹೇಬರು ಒಂದು ದಿನ ಬಂದು ಮೀಟಿಂಗ್ ಕರೆದರು. ಇನ್ನು ಮೇಲೆ ಪತ್ರ, ನೋಟಿಸು, ಮೆಸೇಜು ಎಲ್ಲವನ್ನೂ ಎಐ ಸಹಾಯದಿಂದ ಬರೆಯಬೇಕು, ಅದರಲ್ಲಿ ಹೆಣ್ಣುಮಕ್ಕಳೇ ಮುಂದಾಳತ್ವ ವಹಿಸಬೇಕು ಎಂದು ಹೇಳಿ, "ಯಾರು ಮುಂದೆ ಬರ್ತೀರಿ?" ಎಂದು ಕೇಳಿದರು. ಎಲ್ಲರೂ ತಲೆ ತಗ್ಗಿಸಿದರು. ನಾನು ಸೆಖೆ ತಾಳಲಾರದೆ ಫ್ಯಾನ್ ಹಾಕಿ ಎಂದು ಹೇಳಲು ಆಗಲೇ ಕೈ ಎತ್ತಿಬಿಟ್ಟಿದ್ದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಫ್ಯಾನಿನ ಮಾತು ಎತ್ತುವುದು ಹೇಗೆ? ಸುಳ್ಳೇಕೆ ಹೇಳಲಿ, ಒಳಗೊಳಗೆ ಹಿಗ್ಗೂ ಆಯಿತು. ಆ ಕಟ್ಟಡದಲ್ಲಿ ಇಷ್ಟು ವರ್ಷ ನಾನು ಯಾವುದಕ್ಕೆ ಕೈ ಎತ್ತಿದರೂ ಯಾರೂ ತಿರುಗಿ ನೋಡಿರಲಿಲ್ಲ.

ಮೊದಲ ಪರೀಕ್ಷೆ ಬಂದದ್ದು ಒಂದು ಶನಿವಾರ ಸಂಜೆ. ರಸ್ತೆ ಕೆಲಸದ ದೆಸೆಯಿಂದ ಸೋಮವಾರದಿಂದ ಬಸ್ಸು ಬೆಳಗ್ಗೆ ಏಳಕ್ಕಲ್ಲ, ಆರೂವರೆಗೇ ಹೊರಡಬೇಕಿತ್ತು. ಹಿಂದಿನ ನಾನಾಗಿದ್ದರೆ, "ಸೋಮವಾರದಿಂದ ಬಸ್ಸು ಆರೂವರೆಗೆ, ಲೇಟ್ ಮಾಡ್ಬೇಡ್ರಮ್ಮ" ಎಂದು ಗ್ರೂಪಿಗೆ ಹಾಕಿ ಮನೆಗೆ ಹೋಗುತ್ತಿದ್ದೆ. ಈಗ ಮುಂದಾಳು. ವಿಷಯವನ್ನು ಎಐಗೆ ಹೇಳಿ, "ಗೌರವಯುತವಾಗಿ ಬರೆದುಕೊಡು" ಎಂದೆ. ಬರೆಯಿತು ನೋಡಿ! "ಆತ್ಮೀಯ ಸಹೋದ್ಯೋಗಿಗಳೇ, ಇದುವರೆಗೆ ತಾವು ಸಂಸ್ಥೆಗೆ ಸಲ್ಲಿಸಿದ ಅಮೂಲ್ಯ ಸೇವೆಗೆ ಹೃತ್ಪೂರ್ವಕ ಕೃತಜ್ಞತೆಗಳು. ಸೋಮವಾರದಿಂದ ಏಳು ಗಂಟೆಯ ಬಸ್ ಸೌಲಭ್ಯ ತಮಗೆ ಲಭ್ಯವಿರುವುದಿಲ್ಲ. ತಮ್ಮೆಲ್ಲರ ಮುಂದಿನ ಪಯಣ ಸುಖಕರವಾಗಿರಲಿ." ನಾನು ಎರಡು ಸಲ ಓದಿದೆ. ಎರಡು ಸಲವೂ 'ಹೃತ್ಪೂರ್ವಕ' ಎಂಬ ಪದದ ಹತ್ತಿರವೇ ನಿಂತು ಖುಷಿಪಟ್ಟೆ. ಆರೂವರೆ ಎಲ್ಲಿ ಹೋಯಿತು ಎಂದು ನೋಡಲೇ ಇಲ್ಲ. ಒತ್ತಿಬಿಟ್ಟೆ.

ಮಾಮೂಲಿಯಾಗಿ ನಮ್ಮ ಗ್ರೂಪಿನಲ್ಲಿ ನಾನು ಏನೇ ಹಾಕಿದರೂ ಐದು ನಿಮಿಷಕ್ಕೆ ನಲವತ್ತು ಹೆಬ್ಬೆಟ್ಟು, ಹತ್ತು ಗುಲಾಬಿ ಹೂವು ಬರುತ್ತವೆ. ಅವತ್ತು ಎಲ್ಲರೂ ನೋಡಿದ್ದಾರೆ, ಒಬ್ಬರೂ ಉಸಿರೆತ್ತಿಲ್ಲ. ಭಾನುವಾರ ಬೆಳಗ್ಗೆ ನೋಡಿದೆ, ಇಲ್ಲ. ಒಗ್ಗರಣೆ ಹಾಕುತ್ತ ನೋಡಿದೆ, ಸಾಸಿವೆ ಸೀದು ಹೋಯಿತು. ಬಟ್ಟೆ ಹರವುತ್ತ ನೋಡಿದೆ, ಕ್ಲಿಪ್ಪು ಪಕ್ಕದ ಮನೆಯ ನೀರಿನ ತೊಟ್ಟಿಗೆ ಬಿತ್ತು. "ಭಾಷೆಯ ಭಾರಕ್ಕೆ ಮಾತು ನಿಂತಿರಬೇಕು" ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಆದರೆ ಮುಂದಾಳು ಎನಿಸಿಕೊಂಡವಳು ತನ್ನ ಮೆಸೇಜು ಹೇಗಿತ್ತು ಎಂದು ಕೇಳಿಕೊಂಡು ತಿರುಗುವುದೇ?

ಸೋಮವಾರ ಗೇಟಿನ ಬಳಿ ಬಸ್ಸು ನಿಂತಿತು. ಇಳಿದವನು ಡ್ರೈವರ್ ನಾಗರಾಜ ಒಬ್ಬನೇ.

"ಎಲ್ಲಪ್ಪಾ ಜನ?"

"ಒಬ್ರೂ ಇರ್ಲಿಲ್ಲ ಮೇಡಂ. ಸ್ಟಾಪಲ್ಲಿ ಒಂದು ನಾಯಿ ಇತ್ತು. ಅದೂ ಹತ್ಲಿಲ್ಲ."

ತಕ್ಷಣ ಗಂಗಕ್ಕನಿಗೆ ಫೋನ್ ಮಾಡಿದೆ. ಗಂಗಕ್ಕ ನಮ್ಮ ಪ್ಯಾಕಿಂಗಿನಲ್ಲಿ ಎಲ್ಲರಿಗಿಂತ ಹಿರಿಯಳು, ನಾನು ಸೇರಿದಾಗ ನನಗೆ ಟೇಪು ಹಚ್ಚುವುದನ್ನು ಕಲಿಸಿದವಳು. "ಕೆಲಸದಿಂದ ತೆಗೆದ ಮೇಲೆ ಇನ್ನೇನಿದೆ ಮೇಡಂ ಮಾತು?" ಎಂದಳು. ಎಲ್ಲರೂ ತ್ಯಾಮಗೊಂಡ್ಲು ಬಸ್‌ಸ್ಟ್ಯಾಂಡಿಗೆ ಈಗಷ್ಟೇ ಬಂದು ಸೇರಿದ್ದಾರಂತೆ, ಹತ್ತು ಗಂಟೆಗೆ ಬೇರೆ ಗೋಡೌನಿನ ಮೇಸ್ತ್ರಿ ಬಂದು ಮಾತಾಡುತ್ತಾನಂತೆ. ನಾನು ಅದೇ ಬಸ್ಸು ಹತ್ತಿದೆ. ಅಷ್ಟು ಸೀಟು ಖಾಲಿ ಇದ್ದರೂ ಒಂದರಲ್ಲೂ ನೆಟ್ಟಗೆ ಕೂರಲಾಗಲಿಲ್ಲ. ಮುಂದೆ ಕೂತೆ, ಹಿಂದೆ ಹೋದೆ, ಕಂಬ ಹಿಡಿದು ನಿಂತೆ. "ಕೂತ್ಕೊಳ್ಳಿ ಮೇಡಂ, ನೀವು ಓಡಾಡಿದ್ರೆ ಬಸ್ಸೇನು ಬೇಗ ಹೋಗಲ್ಲ" ಎಂದ ನಾಗರಾಜ.

ಬಸ್‌ಸ್ಟ್ಯಾಂಡಿನಲ್ಲಿ ನಲವತ್ತು ಜನವೂ ಊಟದ ಡಬ್ಬಿ ಹಿಡಿದು ನಿಂತಿದ್ದರು. ಕೆಲವರ ಕಣ್ಣು ಕೆಂಪಾಗಿತ್ತು. "ಯಾರನ್ನೂ ತೆಗೆದಿಲ್ಲ ಕಣ್ರಮ್ಮ, ಬಸ್ಸು ಆರೂವರೆಗೆ ಅಂತ ಹೇಳೋಕೆ ಹೋಗಿ ಹಿಂಗಾಯ್ತು. ಅದು ನಾನು ಬರೆದಿದ್ದಲ್ಲ, ಎಐ ಬರೆದಿದ್ದು" ಎಂದು ಒಂದೇ ಉಸಿರಿಗೆ ಹೇಳಿದೆ. ಎಐ ಎಂದರೇನು ಎಂದು ವಿವರಿಸಲು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಶಶಿಕಲಾ ಎಂಬ ಹುಡುಗಿ ತನ್ನ ಫೋನನ್ನು ನನ್ನ ಮುಖಕ್ಕೆ ಹಿಡಿದಳು.

"ನಿಮ್ಮ ಮೆಸೇಜು ಅರ್ಥ ಆಗ್ಲಿಲ್ಲ ಮೇಡಂ. ನಾವೂ ಎಐನೇ ಕೇಳಿದ್ವಿ."

ಅದರಲ್ಲಿ ಹೀಗಿತ್ತು: "ಇದು ಉದ್ಯೋಗಿಗಳನ್ನು ಗೌರವದಿಂದ ಬೀಳ್ಕೊಡುವ ಸಂದೇಶದಂತೆ ಕಾಣುತ್ತದೆ."

ತಾನೇ ಬರೆದು ತಾನೇ ಹೀಗೆ ಅರ್ಥ ಹೇಳಿದ ಮೇಲೆ ನಾನು ಯಾರ ಹತ್ತಿರ ವಾದ ಮಾಡಲಿ? "ಒಂದು ಫೋನ್ ಮಾಡಬಾರದಿತ್ತಾ ಗಂಗಕ್ಕ?" ಎಂದೆ.

"ನಮ್ ಯಜಮಾನ್ರು ಆಸ್ಪತ್ರೇಲಿದ್ದಾಗ ದಿನಾ ನೀವೇ ಫೋನ್ ಮಾಡಿ ಕೇಳ್ತಿದ್ರಿ. ಕೆಲಸ ತೆಗೆಯೋವಾಗ ಮಾತ್ರ ಮೆಸೇಜ್ ಹಾಕಿದ್ರಲ್ಲ ಅಂತ ಹೊಟ್ಟೆ ಉರೀತು. ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ?" ಎಂದಳು ಗಂಗಕ್ಕ. ಆಮೇಲೆ, "ನನ್ನ ಮೊಮ್ಮಗಳ ರಜಾ ಚೀಟೀನೂ ಎಐನೇ ಬರೆಯೋದು ಮೇಡಂ. ಕಳ್ಸೋಕೆ ಮುಂಚೆ ನಾವು ಓದ್ತೀವಿ" ಎಂದಳು.

"ತಪ್ಪಾಯ್ತು ಕಣಕ್ಕ" ಎಂದೆ. ಮೇಸ್ತ್ರಿ ಬರುವ ಮೊದಲೇ ಎಲ್ಲರೂ ಬಸ್ಸು ಹತ್ತಿದರು. ಆದರೆ ಗಂಗಕ್ಕ ಮೆಟ್ಟಿಲ ಮೇಲೆ ನಿಂತು ಒಂದು ಷರತ್ತು ಹಾಕಿದಳು: ಇನ್ನು ಮೇಲೆ ಯಾವ ಮೆಸೇಜೂ ಅವಳ ಮುಂದೆ ಗಟ್ಟಿಯಾಗಿ ಓದದೆ ಹೋಗಕೂಡದು. ಒಪ್ಪಿಕೊಂಡೆ.

ಮಧ್ಯಾಹ್ನ ಸಾಹೇಬರ ಫೋನು. ಅರ್ಧ ದಿನ ಕೆಲಸ ಕೆಟ್ಟಿದ್ದಕ್ಕೆ ಬೈಗುಳ ಕಾದಿದ್ದ ನನಗೆ, "ಶನಿವಾರದ ಮೆಸೇಜ್ ಗ್ರೂಪಲ್ಲಿ ನೋಡಿದೆ, ಎಂಥಾ ಭಾಷೆ ಮೇಡಂ! ಎಲ್ಲಾ ಬ್ರಾಂಚಿಗೂ ಅದನ್ನೇ ಮಾದರಿಯಾಗಿ ಕಳಿಸ್ತೀನಿ" ಎಂದರು. ಸುಮ್ಮನಿದ್ದಿದ್ದರೆ ಹೆಸರು ಬರುತ್ತಿತ್ತು. ಆದರೆ ಎಲ್ಲಾ ಬ್ರಾಂಚಿನ ಬಸ್ಸುಗಳೂ ಖಾಲಿ ಬಂದು ನಿಂತಂತೆ ಕಣ್ಣಿಗೆ ಕಟ್ಟಿತು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಎಲ್ಲ ಕೇಳಿ ಸಾಹೇಬರು, "ಈಗ ಚೆಕ್ ಮಾಡೋದು ಯಾರು?" ಎಂದರು. "ಗಂಗಕ್ಕ, ಸಾರ್" ಎಂದೆ. ಮುಂದಿನ ತಿಂಗಳ ಬೆಂಗಳೂರಿನ ತರಬೇತಿಗೆ ನನ್ನ ಜೊತೆ ಅವಳ ಹೆಸರೂ ಸೇರಿತು. ಅಲ್ಲಿ ನಾನು ಪುಟಗಟ್ಟಲೆ ಬರೆದುಕೊಂಡೆ. ಪ್ರಶ್ನೆ ಕೇಳಿದವಳು ಅವಳು.

ಈಗ ದಿನಾ ಟೀ ಹೊತ್ತಿನಲ್ಲಿ ನಾನು ಓದುತ್ತೇನೆ, ಗಂಗಕ್ಕ ಲೋಟ ಹಿಡಿದು ಕೇಳುತ್ತಾಳೆ. ಅವಳು ಹೂಂ ಎನ್ನುವವರೆಗೂ ನನಗೆ ಟೀ ಗಂಟಲಲ್ಲಿ ಇಳಿಯುವುದಿಲ್ಲ. ನಿನ್ನೆ ಒಂದು ನಿರ್ಧಾರ ಮಾಡಿ, ಎಐ ಮುಟ್ಟದೆ, ಸ್ವಂತ ತಲೆಯಿಂದ ನಾಲ್ಕು ಸಾಲು ಬರೆದೆ. ಅಕ್ಷರ ಅಕ್ಷರವೂ ನನ್ನದೇ. ಹೆಮ್ಮೆಯಿಂದ ಓದಿದೆ. ಗಂಗಕ್ಕ ಮುಖ ಸಿಂಡರಿಸಿದಳು.

"ಇದು ಬೇಡ ಮೇಡಂ. ಮಿಷನ್ನು ಬರೆದಿದ್ದು ಅಂತ ನೋಡಿದ್ರೇನೇ ಗೊತ್ತಾಗುತ್ತೆ. ನೀವು ಮಾತಾಡಿದಂಗೇ ಇಲ್ಲ."

ನಾನು ನಾಲ್ಕೂ ಸಾಲು ಅಳಿಸಿದೆ.

"ಹೌದು ಕಣಕ್ಕ," ಎಂದೆ, "ಈ ಮಿಷನ್‌ಗಳಿಗೆ ಎಷ್ಟು ಹೇಳಿದ್ರೂ ಅಷ್ಟೇ."