ಗುಂಡಿನ ಮಶೀನಿನ ಝೆರಾಕ್ಸ್

ನಾನು ನಕಲಿನ ಪಕ್ಷದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜನ ಅಸಲು ತುಪ್ಪ, ಅಸಲು ಬಂಗಾರ, ಅಸಲು ಇಳಕಲ್ ಸೀರೆ ಎಂದು ಹೊಗಳುತ್ತಾರೆ. ಹೊಗಳಲಿ. ನಾನು ಬಿಸಿಎ ಮುಗಿಸಿದ್ದು ಮಾತ್ರ ಬರೀ ಝೆರಾಕ್ಸ್ ಓದಿ. ಗೆಳತಿಯರ ಪುಸ್ತಕದ ಝೆರಾಕ್ಸ್, ಆ ಝೆರಾಕ್ಸಿನದೂ ಒಂದು ಝೆರಾಕ್ಸ್. ಅಂಚಿನಲ್ಲಿ ಅರ್ಧ ಸಾಲು ಕತ್ತರಿಸಿ ಹೋಗಿರುತ್ತಿತ್ತು. ಆ ಅರ್ಧವನ್ನು ನಾನೇ ಊಹಿಸಿ ಪೂರ್ತಿ ಮಾಡಿಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ನನಗೆ ಅಂಕ ಬಂದದ್ದು ಆ ಊಹೆಯ ಭಾಗಕ್ಕೇ ಎಂದು ಈಗಲೂ ನನ್ನ ಗುಮಾನಿ. ಯರಗುಪ್ಪಿಯ ನಮ್ಮ ಮನೆತನದಲ್ಲಿ ಅದುವರೆಗೆ ಡಿಗ್ರಿ ಎಂಬ ಮಾತು ಬರುತ್ತಿದ್ದದ್ದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ನನಗೆ ಡಿಗ್ರಿ ಬಂತು ಎಂದಾಗ ನಮ್ಮ ಅಜ್ಜಿ ಹಣೆ ಮುಟ್ಟಿ ನೋಡಿದಳು. ಹುಬ್ಬಳ್ಳಿ ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ, ಇನ್ನೊಂದು ಕೈಯಿಂದ ಝೆರಾಕ್ಸ್ ಹಿಡಿದು ಓದಿ ಪಡೆದ ಪದವಿ ಅದು. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆ ಹೆಮ್ಮೆಯನ್ನು ಮುಚ್ಚಿಡುವಷ್ಟು ವಿನಯ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ.

ಈ ನಕಲಿನ ಮೇಲಿನ ಭಕ್ತಿಯಿಂದಲೇ ನಾನು ನವಲಗುಂದದ ಗಂಡನ ಮನೆಯಲ್ಲಿ ಮೊದಲ ದಿನವೇ ಹೆಸರು ಕೆಡಿಸಿಕೊಂಡೆ. ಕಾಲೇಜಿನ ಲ್ಯಾಬಿನಲ್ಲಿ ಮೂವರು ಹುಡುಗಿಯರಿಗೆ ಒಂದು ಕಂಪ್ಯೂಟರು. ಸರ್ ಚಹಾಕ್ಕೆ ಹೊರಟರೆಂದರೆ ನಾವು ಅದರೊಳಗಿದ್ದ ಪಿನ್‌ಬಾಲ್ ಆಟ ತೆರೆಯುತ್ತಿದ್ದೆವು. ಇಳಿಜಾರಾದ ಹಲಗೆಯ ಮೇಲೆ ಗುಂಡೊಂದು ಓಡಾಡಿ, ಅಲ್ಲಿ ಇಲ್ಲಿ ಬಡಿದು, ಅಂಕ ತಂದು, ಕೊನೆಗೆ ಕೆಳಗಿನ ಸಂದಿಯಲ್ಲಿ ಮಾಯವಾಗುವ ಆಟ. ಅದು ಕಂಪ್ಯೂಟರಿನ ಹೊಟ್ಟೆಯಲ್ಲೇ ಹುಟ್ಟಿದ್ದೆಂದು ನಾನು ತಿಳಿದಿದ್ದೆ. ಮದುವೆಯಾಗಿ ಹೊಸ್ತಿಲು ದಾಟಿ ಬಂದರೆ, ಪಡಸಾಲೆಯಲ್ಲಿ ನಾಲ್ಕು ಕಬ್ಬಿಣದ ಕಾಲಿನ ಮೇಲೆ, ಮೇಲೆ ಗಾಜು ಹೊದ್ದುಕೊಂಡು, ಮಂಚದಷ್ಟು ಉದ್ದಕ್ಕೆ ಅದೇ ಆಟ ನಿಂತಿದೆ! ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ: "ಅಯ್ಯ, ಕಂಪ್ಯೂಟರಿನ ಆಟಾ ನೋಡಿ ಕಟಗೀಲೆ ಎಷ್ಟ ಛಂದ ಮಾಡ್ಯಾರ್ರಿ!"

ಅತ್ತೆ ನೀಲವ್ವ ಆರತಿಯ ತಟ್ಟೆ ಕೆಳಗಿಟ್ಟು ಮಗನ ಕಡೆ ತಿರುಗಿ ಅಂದರು: "ಕಲ್ತ ಹುಡಗಿ ಅಂತ ತಂದ್ವಲ್ಲೋ, ಇಕಿ ಅವ್ವನ್ನ ಮಗಳ ಹಡದಾಳ ಅನ್ನಾಕಿ ಇದ್ದಾಳಲ್ಲ!"

ಆ ಮಶೀನಿನ ಕತೆ ಹೀಗೆ. ಮಾವನವರದು ಬಸ್ ಸ್ಟ್ಯಾಂಡಿನ ಬಾಜು ತಂಪು ಪಾನೀಯದ ಅಂಗಡಿ. ಗೋವಾದಲ್ಲಿ ಯಾವುದೋ ಹೋಟೆಲು ಮುಚ್ಚಿದಾಗ ಫ್ರಿಜ್ ತರಲು ಹೋದವರು ಅದರ ಜೊತೆ ಇದನ್ನೂ ಲಾರಿಗೆ ಹೇರಿಕೊಂಡು ಬಂದರಂತೆ. ಬಸ್ಸು ತಪ್ಪಿದವರು ಆಡಲಿ ಎಂದು ಇಟ್ಟದ್ದು. ಆಡುತ್ತ ನಿಂತು ಬಸ್ಸು ತಪ್ಪಿಸಿಕೊಂಡವರೇ ಹೆಚ್ಚು. ಮಧ್ಯಾಹ್ನ ಮಾವ ಉಂಡು ಮಲಗಿದಾಗ ಗಲ್ಲಾದ ಮೇಲೆ ಅತ್ತೆ ಕೂರುತ್ತಿದ್ದರು. ಗಿರಾಕಿ ಇಲ್ಲದ ಹೊತ್ತು ಏನು ಮಾಡಬೇಕು? ಸೆರಗು ಸಿಕ್ಕಿಸಿ ಮಶೀನಿನ ಮುಂದೆ ನಿಂತರು. ನಿಂತವರು ನವಲಗುಂದದಲ್ಲೇ ಯಾರೂ ಸೋಲಿಸಲಾಗದಷ್ಟು ಬಲಿತರು. ಇದು ಅವರೇ ಹೇಳುವ ಮಾತು. ಮಶೀನಿನ ಭಾಗಗಳಿಗೆ ಅವರೇ ಹೆಸರೂ ಇಟ್ಟರು. ಗುಂಡನ್ನು ಮೇಲಕ್ಕೆ ಚಿಮ್ಮಿಸುವ ಎರಡು ಪಟ್ಟಿ 'ಕೈ'. ಗುಂಡು ಬಡಿದರೆ ಗಂಟೆ ಹೊಡೆಯುವ ದುಂಡನೆಯವು 'ಛತ್ರಿ'. ಕೆಳಗಿನ ಸಂದಿ 'ಗಟಾರ'. ರಸ್ತೆ ಅಗಲವಾದಾಗ ಅಂಗಡಿ ಹೋಯಿತು, ಮುಂದೆ ಮಾವನವರೂ ಹೋದರು. ಮಶೀನು ಮನೆಗೆ ಬಂತು.

ಬಂದದ್ದು ಪಡಸಾಲೆಯ ಅರ್ಧ ನುಂಗಿತು. ನನಗೆ ಸೋಫಾ ಬೇಕಿತ್ತು. ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳ ಮನೆಗೆ ಸಹೋದ್ಯೋಗಿಗಳು ಬಂದರೆ ಕೂರಲು ಜಾಗವಿಲ್ಲದೆ ಮಶೀನಿನ ಸುತ್ತ ನಿಂತು, ಗಾಜಿನ ಮೇಲೆ ಅವಲಕ್ಕಿಯ ತಾಟು ಇಟ್ಟುಕೊಂಡು ತಿನ್ನುತ್ತಿದ್ದರು. ಯಾವುದೋ ಲಗ್ನದಲ್ಲಿ ಬುಫೆ ನಡೆದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಹುಬ್ಬಳ್ಳಿ ರಸ್ತೆಯಲ್ಲಿ ಹೊಸ ಹೋಟೆಲು ಕಟ್ಟುತ್ತಿದ್ದವರೊಬ್ಬರು, ಹಳೆಯ ಸಾಮಾನುಗಳನ್ನು ಅಲಂಕಾರಕ್ಕಿಡುವ ಶೋಕಿಯವರು, ಮಶೀನು ಕೇಳಿಕೊಂಡು ಬಂದರು. ನಾನು ಚಹಾಕ್ಕೆ ಇಟ್ಟೆ. ಅತ್ತೆ ಹೊರಗೆ ಬಂದು, "ಒಯ್ಯಾವ್ರು ಮೊದಲ ನನ್ನ ಸೋಲಸ್ರಿ, ಆಮ್ಯಾಲ ಒಯ್ರಿ" ಅಂದರು. ಆ ಮನುಷ್ಯ ಆಡಿದ. ಅವನ ಗುಂಡು ನೆಟ್ಟಗೆ ಗಟಾರಕ್ಕೆ ಹೋಯಿತು, ಅವನು ನೆಟ್ಟಗೆ ಹುಬ್ಬಳ್ಳಿಗೆ ಹೋದ.

ಆಗ ನನ್ನ ತಲೆಯಲ್ಲಿ ಬೆಳಕು ಹೊಳೆಯಿತು. ನಕಲು! ಪರದೇಶದಲ್ಲಿ ಹಳೆಯ ಮಶೀನುಗಳ ಅಳತೆ ತೆಗೆದು, ಸದ್ದು ಹಿಡಿದು, ಅವನ್ನು ಹಾಗೆಹಾಗೆಯೇ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಅಸಲು ಮಶೀನು ಎಲ್ಲೋ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿರುತ್ತದೆ; ಅದರ ಡಿಜಿಟಲ್ ರೂಪ ಮಾತ್ರ ಬೇಕಾದವರ ಕೈಯಲ್ಲಿ ಓಡುತ್ತಿರುತ್ತದೆ. ನಾನು ಊಟದ ಹೊತ್ತಿಗೆ ಒಂದು ಪಿರಿಯಡ್ಡಿನಷ್ಟು ಭಾಷಣ ಮಾಡಿದೆ. ಮುಂದಿನ ಕಾಲವೆಲ್ಲ ಇದರದೇ, ಇದಕ್ಕೆ ತುಕ್ಕಿಲ್ಲ, ಇದರೊಳಗೆ ಇಲಿ ಮರಿ ಹಾಕುವುದಿಲ್ಲ, ನಮ್ಮ ಮೊಮ್ಮಕ್ಕಳೂ ಆಡಬಹುದು ಎಂದೆ. ನಮ್ಮವರು ರೊಟ್ಟಿ ಮುರಿಯುತ್ತ, "ಮೊದಲ ಮಕ್ಕಳಾಗ್ಲಿ ತಡಿ" ಅಂದರು. ಅತ್ತೆ ಮಾತ್ರ ಗಂಭೀರವಾಗಿ ಕೇಳಿಸಿಕೊಂಡು ಷರತ್ತು ಹಾಕಿದರು: "ಆತು ಬೇ. ಮಾಡು. ಆದ್ರ ಅಗದಿ ನಮ್ಮ ಮಶೀನ ಹೆಂಗೈತಿ ಹಂಗ ಇರಬೇಕ. ನಾ ಹೌದು ಅಂದ ದಿನಾ ಇದನ್ನ ಒಯ್ಯಲಿ."

ಇಷ್ಟೇ ತಾನೆ ಎಂದುಕೊಂಡೆ. ಕಲಿತವರು ಕೆಡುವುದು ಈ 'ಇಷ್ಟೇ ತಾನೆ'ಯಲ್ಲಿ. ರಜೆಯ ದಿನಗಳಲ್ಲಿ ಮಶೀನಿನ ಫೋಟೋ ತೆಗೆದೆ, ಟೇಪು ಹಿಡಿದು ಅಳೆದೆ, ಗಂಟೆಯ ಸದ್ದು ಫೋನಿನಲ್ಲಿ ಹಿಡಿದೆ, ಇಂಥ ಆಟ ಕಟ್ಟಲೆಂದೇ ಇರುವ ಒಂದು ಪ್ರೋಗ್ರಾಮಿನಲ್ಲಿ ಕೂಡಿಸಿ ಟ್ಯಾಬಿಗೆ ಹಾಕಿ ಅತ್ತೆಯ ಕೈಗಿಟ್ಟೆ. ಅತ್ತೆ ಆಡಿದರು. ಗೆದ್ದರು. ಮತ್ತೆ ಆಡಿದರು, ಮತ್ತೆ ಗೆದ್ದರು. ಟ್ಯಾಬನ್ನು ವಾಪಸು ಕೊಟ್ಟು ಮುಖ ಹಿಂಡಿದರು.

"ಏನಾತ್ರಿ ಅತ್ತಿ?"

"ಇದು ಭಾಳ ಒಳ್ಳೇದೈತಿ. ನಮ್ಮದು ಇಷ್ಟ ಒಳ್ಳೇದಿಲ್ಲ."

ಅದು ಹೊಗಳಿಕೆಯಲ್ಲ, ದೂರು ಎಂದು ಅರ್ಥವಾಗಲು ನನಗೆ ತುಸು ಹೊತ್ತು ಹಿಡಿಯಿತು. ನಮ್ಮ ಕಡೆಯದು ಎರಿ ಭೂಮಿ, ಕಪ್ಪು ಮಣ್ಣಿನದು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿದ್ದ ಮನೆಗಳ ನೆಲವೂ ಅದರ ಜೊತೆ ಏಳುತ್ತ ಬೀಳುತ್ತ ಇರುತ್ತದೆ. ಹಾಗಾಗಿ ನಮ್ಮ ಮಶೀನಿನ ಗುಂಡು ಮಳೆಗಾಲದಲ್ಲಿ ಎಡಕ್ಕೆ ವಾಲುತ್ತದೆ, ಬೇಸಿಗೆಯಲ್ಲಿ ಬಲಕ್ಕೆ. ಪರದೇಶದ ಆ ಜಾಣರ ಯಾವ ಪ್ರೋಗ್ರಾಮಿನಲ್ಲಿಯೂ ಹವಾಮಾನ ಕೇಳುವ ಪಿನ್‌ಬಾಲ್ ಇರಲಿಕ್ಕಿಲ್ಲ. ನಾನು ಹಾಕಿದೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಬಟನ್ ಇಟ್ಟೆ.

ಅಷ್ಟಕ್ಕೆ ಮುಗಿಯಲಿಲ್ಲ. ಮಶೀನು ರಿಪೇರಿ ಮಾಡುತ್ತಿದ್ದ ಯಮನೂರಿನ ದಾವಲಸಾಬ ಕಾಕಾ ಈಗಲೂ ಪೇಟೆಗೆ ಬಂದಾಗ ನಮ್ಮಲ್ಲಿ ಚಹಾ ಕುಡಿದು, ಅತ್ತೆಯ ಜೊತೆ ಒಂದು ಜಗಳ ಆಡಿ ಹೋಗುವವರು. ಅವರು ಟ್ಯಾಬಿಗೆ ಕಿವಿ ಹಚ್ಚಿ, "ಕೈಗೆ ಸುತ್ತಿದ ರಬ್ಬರ ತಪ್ಪೈತಿ ಮಗಳ. ಗೋವಾದ್ದ ರಬ್ಬರ ಹರದ ಮ್ಯಾಲ ನಾ ಸೈಕಲ್ ಟ್ಯೂಬ ಕತ್ತರ್ಸಿ ಹಾಕೀನಿ. ಗುಂಡ ಇಷ್ಟ ಪುಟಿಯಂಗಿಲ್ಲ" ಅಂದರು.

"ಟ್ಯೂಬ ಹಾಕಿ ನನ್ನ ಆಟಾನ ಕೆಡಿಸಿದಿ ನೀ" ಎಂದರು ಅತ್ತೆ.

"ನೀಲಕ್ಕಾ, ಟ್ಯೂಬ ಹಾಕದಿದ್ರ ನಿನಗ ಆಟಾನ ಇದ್ದಿದ್ದಿಲ್ಲ. ಕುಣ್ಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ."

"ನೆಲಾ ಖರೇನ ಡೊಂಕೈತೆಲೋ!"

ಈ ವಾದದಲ್ಲಿ ಅತ್ತೆಯೇ ಗೆದ್ದರೆಂದು ನಾನು ಒಪ್ಪಲೇಬೇಕು. ಸೈಕಲ್ ಟ್ಯೂಬಿನ ಜಡತ್ವ ಹಾಕಿದೆ. ಸಂಜೆ ಊರಿಗೆಲ್ಲ ದೀಪ ಹತ್ತಿದಾಗ ಕರೆಂಟು ಇಳಿದು ಮಶೀನಿನ ಕೈ ಅರ್ಧಕ್ಕೇ ಏಳುತ್ತಿತ್ತಂತೆ. ಸಂಜೆಯ ಸೋಮಾರಿತನ ಹಾಕಿದೆ. ಕೊನೆಗೆ ಉಳಿದದ್ದು ಸೊಂಟ.

ಸೊಂಟದ ವಿಷಯ ತುಸು ಬಿಡಿಸಿ ಹೇಳಬೇಕು. ನಮ್ಮ ಕಡೆ ಯಾವ ಯಂತ್ರವೂ ಒಂದು ಪೆಟ್ಟು ತಿನ್ನದೆ ನಡೆದ ಇತಿಹಾಸವಿಲ್ಲ. ಸ್ಕೂಟರು ಚಾಲೂ ಆಗದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ ಎಬ್ಬಿಸುತ್ತೇವೆ. ಟೀವಿಯ ತಲೆಗೆ, ಮಿಕ್ಸರಿನ ಬೆನ್ನಿಗೆ, ಟಾರ್ಚಿನ ಬುಡಕ್ಕೆ ಬಡಿಯುತ್ತೇವೆ. ನಮ್ಮಪ್ಪ ಎಸ್ಸೆಸ್ಸೆಲ್ಸಿಯ ಹಿಂದಿನ ದಿನ ನನ್ನ ಬೆನ್ನಿಗೂ ಒಂದು ಬಡಿದಿದ್ದ, ಪ್ರೀತಿಯಿಂದಲೇ, ಚಾಲೂ ಆಗಲಿ ಎಂದು. ಪಿನ್‌ಬಾಲಿನಲ್ಲಿ ಈ ಪೆಟ್ಟು ಆಟದ ಒಂದು ವಿದ್ಯೆಯೇ ಎಂದು ಓದಿ ನನಗೆ ಭಾರಿ ಸಂತೋಷವಾಯಿತು. ಗುಂಡು ಗಟಾರದ ಕಡೆ ಹೊರಟಾಗ ಮಶೀನನ್ನು ಮೆಲ್ಲಗೆ ದೂಡಿ ಅದರ ದಾರಿ ತಪ್ಪಿಸಬೇಕು; ಜೋರಾಗಿ ದೂಡಿದರೆ ಮಶೀನು ದೀಪ ಆರಿಸಿಕೊಂಡು ಸುಮ್ಮನಾಗುತ್ತದೆ. ಅತ್ತೆ ಅದಕ್ಕೆ 'ಸಿಟ್ಟಾತು' ಅನ್ನುತ್ತಾರೆ. ಅವರು ದೂಡುತ್ತಿದ್ದದ್ದು ಸೊಂಟದಿಂದ, ಬಾಜು ನಿಂತ ಎಮ್ಮೆಯನ್ನು ಸರಿಸಿದ ಹಾಗೆ. ನಾನು ಟ್ಯಾಬು ಅಲುಗಿದರೆ ಗುಂಡು ಅಲುಗುವಂತೆ ಮಾಡಿಕೊಟ್ಟೆ. ಅತ್ತೆ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟದಿಂದ ಅಡುಗೆಕಟ್ಟೆಗೆ ಗುದ್ದಿದರು. ಗುಂಡು ಬದುಕಿತು. ಮೇಲಿದ್ದ ಶೇಂಗಾ ಚಟ್ನಿಯ ಡಬ್ಬಿ ಬದುಕಲಿಲ್ಲ.

ಎಷ್ಟು ಪೆಟ್ಟಿಗೆ ಎಷ್ಟು ಸಿಟ್ಟು ಎಂಬುದನ್ನು ಗೊತ್ತು ಮಾಡಲು ನಾನು ಕಾಲೇಜಿನಿಂದ ಬಂದ ಕೂಡಲೇ ಅಸಲು ಮಶೀನಿನ ಮುಂದೆ ನಿಲ್ಲತೊಡಗಿದೆ. ಅಳತೆಗೆಂದು ಆಡಲೇಬೇಕಲ್ಲ. ಆಡಿದೆ. ಅಳೆದದ್ದು ಸರಿಯೋ ಎಂದು ನೋಡಲು ಮತ್ತೆ ಆಡಿದೆ. ಅನ್ನ ಸೀದ ವಾಸನೆ ಬಂದಾಗ ನಮ್ಮವರು, "ಏನಲೇ, ಸಂಶೋಧನಾ ಇನ್ನಾ ಮುಗೀಲಿಲ್ಲೇನ?" ಎಂದು ಕೂಗುತ್ತಿದ್ದರು.

ಕೊನೆಗೆ ಪರೀಕ್ಷೆಯ ದಿನ ಬಂತು. ದಾವಲಸಾಬ ಕಾಕಾ ಸಾಕ್ಷಿ. ಟ್ಯಾಬಿನಲ್ಲಿ 'ಮಳೆಗಾಲದ ಸಂಜೆ, ಕರೆಂಟು ಕಡಿಮೆ' ಎಂದು ಗೊತ್ತುಮಾಡಿ ಅದನ್ನು ಅತ್ತೆಯ ಕೈಗಿಟ್ಟೆ. ಗುಂಡು ಮೇಲೆ ಹೋಯಿತು, ಛತ್ರಿಗೆ ಬಡಿಯಿತು, ಗಂಟೆ ಹೊಡೆಯಿತು, ಎಡಕ್ಕೆ ವಾಲಿತು. ಅತ್ತೆ ಸೊಂಟ ಕೊಟ್ಟರು. ಮಶೀನಿನ ಕೈ ಅರ್ಧಕ್ಕೆ ಎದ್ದು ನಿಂತಿತು. ಗುಂಡು ಗಟಾರದ ಪಾಲು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಮಶೀನು ಸಿಟ್ಟಾಗಿ ದೀಪ ಆರಿಸಿಕೊಂಡಿತು. ಅಂಕ ಎಷ್ಟೆಂದು ಹೇಳಿ ಅತ್ತೆಯ ಮಾನ ಕಳೆಯಲಾರೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟರು.

ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡು ನಕ್ಕರು. "ಈಗ ಖರೇ ಆತು ನೋಡ. ಕೈ ಎತ್ತೂ ಹೊತ್ತಿಗೆ ಕೈ ಕೊಡತೈತಿ. ಇದು ನಮ್ಮದ!"

"ಹೌದಂದ್ರೇನ್ರಿ?" ಎಂದೆ.

"ಹೌದಂದ್ನೆಲಾ. ಹೋಟೆಲಿನಾವ್ರಿಗೆ ಫೋನ ಹಚ್ಚು. ನಾಳೆನ ಒಯ್ಯಲಿ. ಆ ಜಾಗಾದಾಗ ನನಗೊಂದ ದಿವಾನ ಹಾಕಿಸಿಕೊಡು, ಆರಾಮ ಒರಗಿ ಆಡತೇನಿ."

ನಾನು ಕುಣಿಯಬೇಕಿತ್ತು. ನಕಲು ಗೆದ್ದಿತ್ತು, ನನ್ನ ಭಾಷಣವೆಲ್ಲ ನಿಜವಾಗಿತ್ತು. ಆದರೆ ನನ್ನ ಬಾಯಿಂದ ಬಂದ ಮಾತು, "ಇನ್ನಾ ಟೆಸ್ಟಿಂಗ್ ಐತ್ರಿ ಅತ್ತಿ."

"ಏನ ಟೆಸ್ಟಿಂಗ?"

"ಛಳಿಗಾಲದಾಗ ಎತ್ತಾಗ ವಾಲತೈತಿ ಅನ್ನೂದು ಅಳದಿಲ್ರಿ."

"ಛಳಿಗಾಲದಾಗ ನೆಟ್ಟಗ ಇರತೈತಿ. ಬರ್ಕೋ."

ಮೂರು ವರ್ಷ ಝೆರಾಕ್ಸ್ ಓದಿದರೂ ಒಂದು ಸಂಗತಿ ನನಗೆ ಹೊಳೆದಿರಲಿಲ್ಲ: ಪುಸ್ತಕದ ಒಡತಿಗಿಂತ ಅದನ್ನು ಕೂತು ನಕಲು ಮಾಡಿಕೊಂಡವಳಿಗೇ ಅದು ಹೆಚ್ಚು ಬಾಯಿಪಾಠವಾಗಿರುತ್ತದೆ. ಮಶೀನಿನ ಒಂದೊಂದು ಕೊರತೆಯನ್ನೂ ಕಿವಿಗೊಟ್ಟು ಕೇಳಿ, ಮುಟ್ಟಿ, ಸೊಂಟ ಕೊಟ್ಟು ಕಲಿತವಳು ನಾನು. ಮಾರನೆಯ ದಿನ, ಅತ್ತೆಯೇ ಫೋನು ಹಚ್ಚಿ ಕರೆಸಿದ ಹೋಟೆಲಿನವರ ಟೆಂಪೋ ಬಾಗಿಲಿಗೆ ಬಂದಾಗ, ಮರಿಗಳ ಮುಂದೆ ನಿಂತ ಕೋಳಿಯ ಹಾಗೆ ಮಶೀನಿನ ಮುಂದೆ ನಿಂತು, ಡ್ರೈವರಿಗೆ, "ತಾಂತ್ರಿಕ ಕಾರಣಾ ಐತ್ರಿ, ಈಗ ಕೊಡಾಕ ಬರೂದಿಲ್ಲ" ಅಂದೆ. ಆತ ನಮ್ಮವರ ಮುಖ ನೋಡಿದ. ನಮ್ಮವರು, "ನನ್ನ ಯಾಕ ನೋಡತೀರಿ? ತಾಂತ್ರಿಕ ಎಲ್ಲಾ ಆಕೀದ" ಅಂದರು. ಅತ್ತೆ ತಲೆ ಅಲ್ಲಾಡಿಸಿದರು: "ಕಲ್ತವರ ಹಿಂಗ ಹಳೇ ಸಾಮಾನ ತೆಕ್ಕಿ ಬಡದ ನಿಂತ್ರ ದೇಶ ಮುಂದ ಹೋಗೂದ ಹ್ಯಾಂಗ?"

ಅಸಲು ಮಶೀನುಗಳ ಡಿಜಿಟಲ್ ರೂಪಕ್ಕೆ ಒಳ್ಳೆಯ ಭವಿಷ್ಯವಿದೆ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಆ ಭವಿಷ್ಯ ನಮ್ಮ ಮನೆಯ ಒಳಕೋಣೆಯಲ್ಲೇ ಒರಗಿ ಕೂತು ಆಡುತ್ತಿದೆ. ಮೊನ್ನೆ ಕಾಲೇಜಿನಲ್ಲಿ ಹೊಸದಾಗಿ ಸೇರಿದ ಮೇಡಮ್ಮೊಬ್ಬರು ಮನೆಗೆ ಬಂದು, ನಿಂತೇ ಚಹಾ ಕುಡಿಯುತ್ತ ಪಡಸಾಲೆಯ ಕಡೆ ಕಣ್ಣು ತಿರುಗಿಸಿ, "ಇದೇನ್ರಿ ಇಷ್ಟ ದೊಡ್ಡದು?" ಎಂದರು. ಕಂಪ್ಯೂಟರ್ ಕಲಿಸುವವಳ ಮರ್ಯಾದೆಯ ಪ್ರಶ್ನೆ. ದನಿ ತಗ್ಗಿಸಿ, "ಅತ್ತಿಯವರದ್ರಿ. ವಯಸ್ಸಾದವರು, ಬಿಡಾಕ ಒಲ್ಲೆ ಅಂತಾರ" ಅಂದೆ.

ಒಳಗಿಂದ ಗಂಟೆ ಹೊಡೆದ ಸದ್ದು ಬಂತು, ಅದರ ಬೆನ್ನಿಗೇ ಅತ್ತೆಯ ದನಿ: "ಸುಳ್ಳ ಹೇಳಬ್ಯಾಡ ಬೇ! ನಂದು ನನ್ನ ಕೈಯಾಗೈತಿ. ಅಲ್ಲಿ ನಿಂತದ್ದು ನಿಂದು."